ಮನ್ಯಾಗ ಹೊಸಾದು ಏನೂ ತಂದಿಲ್ಲ, ಆದ್ರೂ ಕರೆಂಟ್ ಬಿಲ್ ಎರಡು ಸಾವಿರ ದಾಟ್ಯದ, ಯಾಕ?

ಪ್ರಶ್ನೆ:

ಅಣ್ಣಾರ, ನಮಸ್ಕಾರ. ನಮ್ಮ ಮನಿ ಕಲಬುರಗಿ ಜೇವರ್ಗಿ ರೋಡ್ ಕಡೆ ಅದ, ಕೆಳಗ ನಾವು, ಮ್ಯಾಲ ಬಾಡಿಗಿದವ್ರು. ಸರಕಾರದ ಪುಕ್ಕಟ ಕರೆಂಟ್ ಯೋಜನಾ ಗೃಹಜ್ಯೋತಿಯೊಳಗ ನಮಗ ತಿಂಗಳಿಗಿ 142 ಯೂನಿಟ್ ಅದ. ಮಳಿಗಾಲ ಚಳಿಗಾಲದಾಗ ಬಿಲ್ ಸೊನ್ನಿ, ಬ್ಯಾಸಿಗ್ಯಾಗ ಇನ್ನೂರಾ ಚಿಲ್ಲರ ಬರ್ತಿತ್ತು. ಈ ಸಲ 2025ರ ಏಪ್ರಿಲ್‌ದು 262 ಯೂನಿಟ್ ಅಂತ ಹಾಕಿ 2,200 ರೂಪಾಯಿ ಹತ್ತಿರ ಬಿಲ್ ಕೊಟ್ಟು ಹೋಗ್ಯಾರ. ಹೋದ ವರ್ಷ ಇದೇ ತಿಂಗಳು 178 ಇತ್ತು, ಬಿಲ್ ಇಟ್ಟೀನಿ, ಎರಡೂ 31 ದಿನದ್ದೇ. ಅದೇ ಕೂಲರ್, ಅದೇ ಫ್ರಿಜ್, ಮೂರು ಫ್ಯಾನ್, ಟಿವಿ, ಹೊಸಾದು ಏನೂ ಇಲ್ಲ. ಮೇನ್ ಬಂದ್ ಮಾಡಿದ್ರೂ ಮೀಟರ್‌ನ ಕೆಂಪು ಲೈಟ್ ಮಿಣಮಿಣ ಅಂತದ, ಅಂದ್ರ ಮೀಟರ್ ಕೆಟ್ಟದ ಅಂತ ನಮ್ಮನಿಯವ್ರು ಅಂತಾರ. ಮ್ಯಾಲಿನವ್ರು ನಮ್ಮ ಕರೆಂಟ್ ಕದೀಲಕತ್ತಾರ ಅಂತ ಅತ್ತಿಯವ್ರು ಅಂತಾರ, ಆದ್ರ ಅವ್ರ ಮೀಟರ್ ಬ್ಯಾರೆ ಅದ, ಮಾರ್ಚ್‌ದಾಗ ಬಂದಾರ, ಏಸಿ ಹಾಕ್ಯಾರ, ಛಲೋ ಮಂದಿ. ಏನ್ ಮಾಡಬೇಕು ಹೇಳ್ರಿ.

ಉತ್ತರ:

ಅಕ್ಕಾರ, ನಮಸ್ಕಾರ. ನೀವು ಹೋದ ವರ್ಷದ ಬಿಲ್ ಇಟ್ಕೊಂಡೀರಲ್ಲ, ಅದರಿಂದ ನನ್ನ ಅರ್ಧ ಕೆಲಸ ಹಗುರ ಆಯ್ತು. ಹತ್ತರಾಗ ಒಂಬತ್ತು ಮಂದಿ ಬರೇ "ಬಿಲ್ ಭಾಳ ಬಂದದ" ಅಂತ ಹೇಳ್ತಾರ, ಎಷ್ಟು ಯೂನಿಟ್, ಎಷ್ಟು ದಿನದ್ದು ಅಂತ ಕೇಳಿದ್ರ ಸುಮ್ಮನಾಗ್ತಾರ. ನಾನು ಇಪ್ಪತ್ತೆರಡು ವರ್ಷದಿಂದ ಇದೇ ಊರಾಗ ವೈರಿಂಗ್ ಗುತ್ತಿಗಿ ಕೆಲಸ ಮಾಡ್ಕೋತ ಬಂದೀನಿ, ನಿಮ್ಮ ಪತ್ರ ಓದಿದ ಕೂಡ್ಲೆ ನನಗ ಒಂದು ಕಡೆ ಸಂಶಯ ಹೋಗ್ಯದ, ಆದ್ರ ಅದಕ್ಕ ಮೊದಲ ರೊಕ್ಕದ ಲೆಕ್ಕ ತಿಳ್ಕೊಂಡು ಬಿಡೋಣ, ಯಾಕಂದ್ರ ಯೂನಿಟ್ ಹೆಚ್ಚಾಗಿದ್ದು ಒಂದು ಮಾತು, ರೊಕ್ಕ ಹಿಂಗ ಒಮ್ಮೆಲೆ ಹಾರಿದ್ದು ಇನ್ನೊಂದು ಮಾತು, ಎರಡಕ್ಕೂ ಕಾರಣ ಬ್ಯಾರೆ ಬ್ಯಾರೆ ಅವ.

2025ರ ಏಪ್ರಿಲ್‌ದಾಗ ಮನಿ ಬಳಕಿ ಕರೆಂಟಿಗಿ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಆಗಿತ್ತು. ಮೊದಲ 5.90 ಇತ್ತು, ಹತ್ತು ಪೈಸೆ ಇಳಿಸ್ಯಾರ, ಆದ್ರ ನಿಗದಿತ ಶುಲ್ಕ ಅಂತ ಇರ್ತದಲ್ಲ, ಅದನ್ನ ಕಿಲೋವ್ಯಾಟ್‌ಗೆ 120 ಇದ್ದದ್ದು 145 ಮಾಡ್ಯಾರ. ನಿಮ್ಮ ಬಿಲ್‌ನ್ಯಾಗ ಮಂಜೂರಾದ ಲೋಡ್ ಅಂತ ಒಂದು ಸಾಲು ಅದ ನೋಡ್ರಿ, ಎರಡು-ಮೂರು ಕೋಣಿ ಮನಿಗಿ ಸಾಮಾನ್ಯ 3 ಕಿಲೋವ್ಯಾಟ್ ಇರ್ತದ, ಅಂದ್ರ 435 ರೂಪಾಯಿ ನೀವು ಬತ್ತಿ ಹಚ್ಚಲಿ ಬಿಡಲಿ ಕೂಡ್ತದ. 262 ಯೂನಿಟ್‌ಗೆ 5.80ರಂಗ 1,519 ರೂಪಾಯಿ 60 ಪೈಸೆ. ಅದರ ಮ್ಯಾಲ ನೂರಕ್ಕ 9ರಂಗ ತೆರಿಗಿ, ಸುಮಾರು 137. ಮತ್ತ ಕರೆಂಟ್ ಕಂಪನಿ ನೌಕರರ ಪಿಂಚಣಿ ಗ್ರಾಚ್ಯುಟಿ ಸಲುವಾಗಿ ಅಂತ ಯೂನಿಟ್‌ಗೆ 36 ಪೈಸೆ ಅದೇ ಏಪ್ರಿಲ್‌ದಿಂದ ಹೊಸದಾಗಿ ಬಂದದ, ಅದು 94. ಎಲ್ಲಾ ಕೂಡಿಸಿದ್ರ 2,185 ಆಯ್ತು. ಇಂಧನ ಹೊಂದಾಣಿಕಿ ಅಂತ ಇನ್ನೊಂದು ಸಾಲು ಇರ್ತದ, ಅದು ತಿಂಗಳ ತಿಂಗಳ ಬದಲಾಗ್ತದ, ಒಮ್ಮೆ ಹೆಚ್ಚಾಗ್ತದ ಒಮ್ಮೆ ಕಡಿಮಿ ಆಗ್ತದ. ಅಂದ್ರ 262 ಯೂನಿಟ್ ಅನ್ನೋದು ಖರೆ ಇದ್ರ ಬಿಲ್ ಮಾಡಿದ್ರಾಗ ತಪ್ಪಿಲ್ಲ.

ಇನ್ನ ಇನ್ನೂರು ಇದ್ದದ್ದು ಎರಡು ಸಾವಿರ ಹೆಂಗಾಯ್ತು? ಅದು ಗೃಹಜ್ಯೋತಿ ಲೆಕ್ಕ. ಈ ಯೋಜನಾ 2023ರ ಜುಲೈ ಬಳಕಿಯಿಂದ ಸುರು ಆಗ್ಯದ, ಉದ್ಘಾಟನಾನೂ ನಮ್ಮ ಕಲಬುರಗ್ಯಾಗೇ ಆಗಿತ್ತು, ಅದೇ ವರ್ಷ ಆಗಸ್ಟ್ 5ಕ್ಕ. 2022-23ರಾಗ ನೀವು ತಿಂಗಳಿಗಿ ಸರಾಸರಿ ಎಷ್ಟು ಸುಟ್ಟೀರಿ ಅದಕ್ಕ ನೂರಕ್ಕ ಹತ್ತು ಕೂಡಿಸಿ ನಿಮ್ಮ ಪಾಲು ಅಂತ ಕಟ್ಟ್ಯಾರ, ನಿಮ್ಮದು 142 ಅದ ಅಂದ್ರ ಆವಾಗ ಸರಾಸರಿ 129 ಇತ್ತು ಅಂತ ಅರ್ಥ. 142ರ ಒಳಗ ಇದ್ರ ಸೊನ್ನಿ. 142 ದಾಟಿ 200ರ ಒಳಗ ಇದ್ರ ಹೆಚ್ಚಾದ ಯೂನಿಟ್‌ದ ರೊಕ್ಕ ಅಷ್ಟೇ, ಹೋದ ವರ್ಷ 178 ಆದಾಗ ನೀವು 36 ಯೂನಿಟ್‌ದು ಕಟ್ಟೀರಿ. 200 ದಾಟಿತು ಅಂದ್ರ ಆ ತಿಂಗಳು ಪೂರಾ ಬಿಲ್ ನಿಮ್ಮದೇ, ಮೊದಲಿನ ಯೂನಿಟ್‌ದಿಂದ ಹಿಡಿದು, ನಿಗದಿತ ಶುಲ್ಕನೂ ಸೇರಿ. ನಿಮ್ಮ ಮನಿ ಲೆಕ್ಕಕ್ಕೇ ಹೇಳ್ತೀನಿ, 198 ಆಗಿದ್ರ 370-380 ಬರ್ತಿತ್ತು, 202 ಆಗಿದ್ರ 1,780ರ ಮ್ಯಾಲ. ನಾಕ್ ಯೂನಿಟ್‌ಗೆ ಸಾವಿರದ ನಾನೂರು ರೂಪಾಯಿ ಫರಕ. ನಾಕ್ ಯೂನಿಟ್ ಅಂದ್ರ ಒಂದೂವರಿ ದಿನ ಕೂಲರ್ ಓಡಿದಷ್ಟು.

ಇದರಾಗ ನನಗ ಭಾಳ ಕೆಟ್ಟ ಅನಸೋದು ಏನಂದ್ರ, ಬಿಲ್ ಸೊನ್ನಿ ಬರ್ಲಕತ್ತ ಮ್ಯಾಲ ಮಂದಿ ಬಿಲ್ ನೋಡೋದೇ ಬಿಟ್ಟಾರ. ಗೇಟಿಗಿ ಸಿಕ್ಕಿಸಿ ಹೋದ ಚೀಟಿ ಹಂಗೇ ಗಾಳಿಗಿ ಹಾರಿ ಹೋಗ್ತದ. ಮೋಟ್ರ ಕೆಟ್ಟು ಹೆಚ್ಚು ಎಳೀಲಕತ್ತದ, ಫ್ರಿಜ್ ಬಾಗಿಲ ರಬ್ಬರ್ ಹರಿದದ, ಎಲ್ಲೋ ಲೀಕೇಜ್ ಅದ, 120 ಇದ್ದದ್ದು 150 ಆಯ್ತು, 170 ಆಯ್ತು, ಯಾರಿಗೂ ಗೊತ್ತಾಗಲ್ಲ, ಯಾಕಂದ್ರ ಕೈಯಿಂದ ರೊಕ್ಕ ಹೋಗ್ತಿಲ್ಲ. ಒಂದು ದಿನ 200ರ ಗೆರಿ ದಾಟ್ತದ, ಎಲ್ಲಾ ಒಮ್ಮೆಲೆ ಮೈಮ್ಯಾಲ ಬರ್ತದ. ಸೊನ್ನಿ ಬಿಲ್ಲಿನ ಮ್ಯಾಲೂ ಯೂನಿಟ್ ಬರ್ದಿರ್ತಾರ್ರಿ, ಅದನ್ನ ತಿಂಗಳಿಗೊಮ್ಮೆ ಕ್ಯಾಲೆಂಡರ್ ಮ್ಯಾಲ ಬರ್ಕೊಳ್ರಿ, ಇಷ್ಟು ಮಾಡಿದ್ರ ಸಾಕು.

ಈಗ ನಿಮ್ಮ ಯೂನಿಟ್‌ಗೆ ಬರೋಣ. 262ರಾಗ 178 ಕಳೆದ್ರ 84, ಅದನ್ನ 31 ದಿನಕ್ಕ ಹಂಚಿದ್ರ ದಿನಕ್ಕ 2.7 ಯೂನಿಟ್ ಹೆಚ್ಚಿಗಿ. ನೀವು ಹುಡುಕಬೇಕಾದ್ದು ಇದನ್ನ, ಎರಡು ಸಾವಿರ ರೂಪಾಯಿನ್ನಲ್ಲ. ಮೊದಲ ಕೆಲಸ, ಬಿಲ್‌ನ್ಯಾಗಿನ ಈಗಿನ ರೀಡಿಂಗ್ ಮತ್ತ ಮೀಟರ್ ಮ್ಯಾಲಿನ ರೀಡಿಂಗ್ ಹೋಲಿಸಿ ನೋಡ್ರಿ. ಮೀಟರ್ ಪರದಿ ಮ್ಯಾಲ ತಾರೀಖು, ವೇಳೆ, ವೋಲ್ಟೇಜ್, ಲೋಡ್ ಎಲ್ಲಾ ಒಂದರ ಹಿಂದ ಒಂದು ಬರ್ತಾವ, ಬಾಜೂಕ ಕೆಡಬ್ಲ್ಯೂಎಚ್ (kWh) ಅಂತ ಬಂದಾಗ ಇರೋ ಅಂಕಿನೇ ಯೂನಿಟ್, ಮೊಬೈಲ್‌ನ್ಯಾಗ ಅದರದ್ದೇ ಫೋಟೋ ತಗೀರಿ. ಮೀಟರ್ ಮ್ಯಾಲಿನ ಅಂಕಿ ಬಿಲ್‌ಗಿಂತ ಕಡಿಮಿ ಇತ್ತು ಅಂದ್ರ ಬರ್ಕೊಂಡವ್ರು ತಪ್ಪು ಓದ್ಯಾರ, ಮಾತು ಅಲ್ಲಿಗೇ ಮುಗೀತು, ಫೋಟೋ ತಗೊಂಡು ಉಪವಿಭಾಗದ ಆಫೀಸಿಗಿ ಹೋಗ್ರಿ. ಹಿಂದಿನ ತಿಂಗಳು ಬಾಗಿಲ ಹಾಕಿತ್ತು ಅಂತ ಅಂದಾಜಿನ ಬಿಲ್ ಕೊಟ್ಟು ಈ ತಿಂಗಳು ಎರಡೂ ತಿಂಗಳಿಂದು ಕೂಡಿ ಬಂದದೇನು ಅಂತನೂ ನೋಡ್ರಿ, ಊರಿಗಿ ಜಾತ್ರಿಗಿ ಅಂತ ಹೋದಾಗ ಹಿಂಗ ಆಗ್ತದ.

ಕೂಲರ್ ಬಗ್ಗೆ ಒಂದು ಮಾತು. ನಮ್ಮ ಕಡೆ ಬಿಸಿಲು 42-43 ಡಿಗ್ರಿ ಆದಾಗ ಕೂಲರ್ ಬಿಟ್ಟು ಬದುಕೋದು ಸಾಧ್ಯ ಇಲ್ಲ, ಮುದುಕರು ಕೂಸುಗಳಿದ್ದ ಮನ್ಯಾಗ ಬಂದ್ ಮಾಡ್ರಿ ಅಂತ ನಾನು ಯಾವತ್ತೂ ಹೇಳಂಗಿಲ್ಲ. ಆದ್ರ ಮಂದಿ ಕೂಲರ್ ಏನು ಫ್ಯಾನಿನಷ್ಟೇ ಅಂತ ತಿಳ್ಕೋತಾರ. ಲೋಹದ ದೊಡ್ಡ ಕೂಲರ್ ಫ್ಯಾನ್, ಪಂಪ್ ಕೂಡಿ 200 ವ್ಯಾಟ್ ಹಿಡೀರಿ, ದಿನಕ್ಕ 14 ತಾಸು ಓಡಿದ್ರ 2.8 ಯೂನಿಟ್, ತಿಂಗಳಿಗಿ 84. ನಿಮ್ಮ ಹೆಚ್ಚಿನ ಲೆಕ್ಕಕ್ಕ ಇದು ಅಚ್ಚುಕಟ್ಟ ಹೊಂದ್ತದ ನೋಡ್ರಿ, ಅದಕ್ಕೇ ಗಡಬಡ್ಯಾಗ ಕೂಲರ್‌ದ್ದೇ ತಪ್ಪು ಅಂತ ಹೇಳೋರು ಭಾಳ ಮಂದಿ ಸಿಗ್ತಾರ. ಆದ್ರ ಹೋದ ವರ್ಷನೂ ಅದೇ ಕೂಲರ್ ಇತ್ತು, ಆ 178ರಾಗ ಅದರ ಯೂನಿಟ್ ಸೇರ್ಯಾವ. ಈ ಸಲ ಎರಡನೇ ಕೂಲರ್ ಬಂದಿಲ್ಲ. ಅಂದ್ರ ಆ 84 ಬ್ಯಾರೆ ಎಲ್ಲಿಂದೋ ಬಂದದ.

ಮೀಟರ್ ಓಡ್ತದ, ಡಿಜಿಟಲ್ ಮೀಟರ್ ಜೋರು ಓಡ್ತಾವ ಅನ್ನೋ ಮಾತು ನಾನು ದಿನಾ ಕೇಳ್ತೀನಿ. ಹಳೀ ಚಕ್ರದ ಮೀಟರ್ ವಯಸ್ಸಾದಂಗ ನಿಧಾನ ಆಗ್ತಿದ್ವು, ಸಣ್ಣ ಲೋಡಿಗಿ ಚಕ್ರ ತಿರುಗ್ತಾನೇ ಇರ್ತಿರಲಿಲ್ಲ, ಹೊಸಾವು ಮೊಬೈಲ್ ಚಾರ್ಜರ್‌ದ್ದೂ ಎಣಿಸ್ತಾವ, ಅದಕ್ಕ ಹಂಗ ಅನಸ್ತದ. ಮೀಟರ್ ಖರೇನೇ ಕೆಡೋದೂ ಉಂಟು, ಆದ್ರ ಅದನ್ನ ಮನ್ಯಾಗೇ ಪರೀಕ್ಷಾ ಮಾಡಬಹುದು. ಮೀಟರ್ ಮ್ಯಾಲ 3200 ಇಂಪಲ್ಸ್ ಅಂತನೋ 1600 ಅಂತನೋ ಬರ್ದಿರ್ತದ, 3200 ಅಂದ್ರ ಕೆಂಪು ಲೈಟ್ 3200 ಸಲ ಮಿಣುಕಿದ್ರ ಒಂದು ಯೂನಿಟ್. ಮನ್ಯಾಗ ಎಲ್ಲಾ ಬಂದ್ ಮಾಡಿ, ಫ್ರಿಜ್ ಪ್ಲಗ್ ಸುದ್ದಾ ತಗದು, ಬರೇ 1000 ವ್ಯಾಟ್ ಇಸ್ತ್ರಿ ಒಂದೇ ಹಚ್ಚಿ, ಕಾಯೋ ತನಕ ಅದು ಪೂರಾ ಎಳೀತದ, ಆ ಒಂದು ನಿಮಿಷ ಎಣಿಸ್ರಿ, 3200ದ ಮೀಟರ್ 50-53 ಸಲ ಮಿಣುಕಿದ್ರ ಸರಿ ಅದ, 1600ದ್ದಾದ್ರ ಎಲ್ಲಾ ಎಣಿಕಿ ಇದರ ಅರ್ಧ ಹಿಡೀರಿ. ಎಪ್ಪತ್ತು ಎಂಬತ್ತು ಆದ್ರ ಸಂಶಯ ಪಡ್ರಿ, ಆದ್ರ ಅದಕ್ಕೂ ಮೊದಲ ಇಸ್ತ್ರಿನೂ ತಗದು ಏನೂ ಇಲ್ಲದಾಗ ಎಷ್ಟು ಮಿಣುಕ್ತದ ಅಂತ ನೋಡಬೇಕು. ನಿಮ್ಮ ಮನ್ಯಾಗ ಗುಟ್ಟು ಅಲ್ಲೇ ಅದ ಅಂತ ನನಗ ಅನಸ್ತದ.

ಮೇನ್ ಬಂದ್ ಮಾಡಿದ್ರೂ ಮಿಣುಕ್ತದ ಅಂದ್ರಿ. ಮ್ಯಾಲಿನವ್ರು ಮಾರ್ಚ್‌ದಾಗ ಬಂದಾರ, ಏಸಿ ಹಾಕ್ಯಾರ ಅಂದ್ರಿ. ಅಕ್ಕಾರ, ನಿಮ್ಮ ಅತ್ತಿಯವ್ರಿಗಿ ನನ್ನ ಪರವಾಗಿ ಹೇಳ್ರಿ, ಅವ್ರು ಏನೂ ಕದ್ದಿಲ್ಲ, ಅವ್ರಿಗಿ ಗೊತ್ತೂ ಇರಂಗಿಲ್ಲ. ನನ್ನ ಸಂಶಯ ನಿಮ್ಮ ಎರಡೂ ಮನಿ ನ್ಯೂಟ್ರಲ್ ವೈರ್ ಎಲ್ಲೋ ಒಂದು ಕಡೆ ಕೂಡ್ಯದ.

ಹೇಳ್ತೀನಿ ಕೇಳ್ರಿ. ಕರೆಂಟ್ ಫೇಸ್ ವೈರಿನಿಂದ ಬರ್ತದ, ಕೆಲಸ ಮಾಡಿ ನ್ಯೂಟ್ರಲ್ ವೈರಿನಿಂದ ವಾಪಸ್ ಹೋಗ್ತದ. ಹೋದದ್ದು ಬಂದದ್ದು ಸರಿ ಇರಬೇಕು. ನಮ್ಮ ಸಿಂಗಲ್ ಫೇಸ್ ಮೀಟರ್ ಫೇಸ್ ಮತ್ತ ನ್ಯೂಟ್ರಲ್ ಎರಡರಾಗೂ ಎಷ್ಟು ಆಂಪ್ಸ್ ಹರೀತದ ಅಂತ ನೋಡ್ತದ, ಎರಡರಾಗ ಯಾವುದು ಹೆಚ್ಚದನೋ ಅದನ್ನೇ ಹಿಡಿದು ಯೂನಿಟ್ ಎಣಿಸ್ತದ. ಇದನ್ನ ಕಳ್ಳತನ ತಡೀಲಿಕ್ಕ ಅಂತ ಮಾಡ್ಯಾರ, ಯಾರರ ನ್ಯೂಟ್ರಲ್ ಬದಲಿಗಿ ಭೂಮಿಗಿ ಜೋಡಿಸಿ ಮೋಸ ಮಾಡಬಾರದು ಅಂತ. ಆದ್ರ ಮಹಡಿ ಮನ್ಯಾಗ ಏನಾಗ್ತದ, ಮೊದಲ ಒಂದೇ ಮೀಟರ್ ಇರ್ತದ, ಆಮ್ಯಾಲ ಮ್ಯಾಲ ಕಟ್ಟಿಸಿ ಎರಡನೇ ಮೀಟರ್ ತಗೋತಾರ, ವೈರಿಂಗ್ ಮಾಡೋ ಹುಡುಗ ಫೇಸ್ ಮಾತ್ರ ಬ್ಯಾರೆ ಮಾಡ್ತಾನ, ನ್ಯೂಟ್ರಲ್ ಏನು ಎಲ್ಲಾ ಒಂದೇ ಅಲ್ಲ ಅಂತ ಮೆಟ್ಟಲ ಲೈಟಿನ ಬೋರ್ಡಿನ್ಯಾಗ ಎರಡೂ ಸುತ್ತಿ ಟೇಪ್ ಹಚ್ಚಿ ಬಿಡ್ತಾನ. ಬತ್ತಿ ಉರೀತಾವ, ಫ್ಯಾನ್ ತಿರುಗ್ತಾವ, ಯಾರೂ ಕೇಳಂಗಿಲ್ಲ.

ಈಗ ಲೆಕ್ಕ ನೋಡ್ರಿ. ಕೆಳಗ ನೀವು ಫ್ಯಾನ್ ಫ್ರಿಜ್ ಕೂಡಿ 1 ಆಂಪ್ ಎಳೀಲಕತ್ತೀರಿ, ಮ್ಯಾಲ ಏಸಿ ಗೀಸಿ ಕೂಡಿ 7 ಆಂಪ್. ವಾಪಸ್ ಹೋಗೋದು ಒಟ್ಟು 8. ನ್ಯೂಟ್ರಲ್ ಕೂಡ್ಯಾವ ಅಂದ್ರ ಆ 8 ಆಂಪ್ ಎರಡು ದಾರಿ ಹಿಡೀತದ, ಹೆಚ್ಚು ಕಡಿಮಿ ಸಮ ಅಂದ್ರ ನಿಮ್ಮ ಮೀಟರ್‌ದಾಗ 4, ಅವ್ರದ್ರಾಗ 4. ನಿಮ್ಮ ಮೀಟರ್ ಏನ್ ನೋಡ್ತದ? ಫೇಸ್‌ನ್ಯಾಗ 1, ನ್ಯೂಟ್ರಲ್‌ನ್ಯಾಗ 4. ಹೆಚ್ಚಿಂದು 4, ಅದನ್ನ ಎಣಿಸ್ತದ. ಅವ್ರ ಮೀಟರ್‌ದಾಗ ಫೇಸ್ 7, ನ್ಯೂಟ್ರಲ್ 4, ಅದು 7 ಎಣಿಸ್ತದ. ಅವ್ರು ತಮ್ಮದು ಪೂರಾ ಕಟ್ಲಕತ್ತಾರ, ಒಂದು ಪೈಸೆ ಕಡಿಮಿ ಇಲ್ಲ, ಅದರ ಮ್ಯಾಲ ನೀವು 3 ಆಂಪ್ ಸುಮ್ಮನೆ ಕಟ್ಲಕತ್ತೀರಿ. 3 ಆಂಪ್ ಅಂದ್ರ 690 ವ್ಯಾಟ್. ರಾತ್ರಿ ಎಂಟು ತಾಸು ಏಸಿ ಹಾಕಿದ್ರೂ ಕಂಪ್ರೆಸರ್ ನಿಂತು ನಿಂತು ಓಡ್ತದ, ಅರ್ಧ ಹಿಡೀರಿ, ನಾಕ್ ತಾಸು. ದಿನಕ್ಕ 2.76 ಯೂನಿಟ್ ಆಯ್ತು, 31 ದಿನಕ್ಕ 85ರ ಮ್ಯಾಲ. ನಿಮ್ಮದು 84 ಅದ. ಇಷ್ಟು ಕರೆಕ್ಟ್ ಕೂಡಿದ್ದು ನಾನು ಹಿಡಿದ ಅಂದಾಜಿನಿಂದ, ಅದಕ್ಕ ಇದನ್ನೇ ಸತ್ಯ ಅಂತ ಹಿಡೀಬ್ಯಾಡ್ರಿ, ಆದ್ರ ದಾರಿ ಇದೇ ಅಂತ ನನ್ನ ಮನಸ್ಸು ಹೇಳ್ತದ.

ಖಾತ್ರಿ ಮಾಡ್ಕೊಳ್ಳೋದು ಸರಳ ಅದ, ಮ್ಯಾಲಿನವ್ರನ್ನ ಕೂಡಿಸ್ಕೊಂಡೇ ಮಾಡ್ರಿ, ಅವ್ರ ಬೆನ್ನ ಹಿಂದ ಬ್ಯಾಡ. ರಾತ್ರಿ ಅವ್ರಿಗಿ ಏಸಿ ಹಚ್ಚಲಿಕ್ಕ ಹೇಳ್ರಿ. ಕೆಳಗ ನಿಮ್ಮ ಮನ್ಯಾಗಿಂದು ಎಲ್ಲಾ ಸ್ವಿಚ್ ಬಂದ್ ಮಾಡಿ ಪ್ಲಗ್ ತಗೀರಿ, ಇನ್ವರ್ಟರ್ ಇದ್ರ ಅದರ ಪ್ಲಗ್ಗೂ ತಗೀರಿ, ಮೇನ್ ಮಾತ್ರ ಚಾಲೂ ಇರಲಿ. ಟಾರ್ಚ್ ಹಿಡ್ಕೊಂಡು ಮೀಟರ್ ಹತ್ತಿರ ನಿಂದರ್ರಿ. ಕೆಂಪು ಲೈಟಿನ ಬಾಜೂಕ ಭಾಳ ಮೀಟರ್‌ದಾಗ ಇಎಲ್ ಅಂತ ಇನ್ನೊಂದು ಸಣ್ಣ ದೀಪ ಇರ್ತದ, ಫೇಸ್ ಮತ್ತ ನ್ಯೂಟ್ರಲ್ ಲೆಕ್ಕ ಕೂಡದಾಗ ಅದು ಹತ್ತಿಕೊಂಡೇ ಇರ್ತದ. ನಿಮ್ಮ ಮನ್ಯಾಗ ಒಂದು ಬತ್ತಿನೂ ಇಲ್ಲ, ಆದ್ರೂ ಇಎಲ್ ಹತ್ಯದ, ಮಿಣುಕೋ ಲೈಟ್ ನಿಮಿಷಕ್ಕ ನಲ್ವತ್ತರ ಸುಮಾರು ಓಡ್ಲಕತ್ತದ ಅಂದ್ರ, ನಲ್ವತ್ತು ಅಂದ್ರ ಮುಕ್ಕಾಲು ಕಿಲೋವ್ಯಾಟ್, ಆವಾಗ ಮ್ಯಾಲಿನವ್ರಿಗಿ ಕೂಗಿ ಏಸಿ ಬಂದ್ ಮಾಡಸ್ರಿ. ಮಿಣುಕೋದು ತಟ್ಟನೆ ಕಡಿಮಿ ಆಯ್ತೋ, ಆಯ್ತು ನೋಡ್ರಿ, ಸಿಕ್ತು. ಎರಡೂ ಮನಿಯವ್ರು ಅಲ್ಲೇ ನಿಂತಿರ್ತೀರಿ, ಯಾರದ್ದೂ ಮಾತು ಬರಂಗಿಲ್ಲ.

ಮೇನ್ ಬಂದ್ ಮಾಡಿದ್ರೂ ಯಾಕ ಮಿಣುಕ್ತದ ಅಂದ್ರ, ಹಳೀ ಮನ್ಯಾಗ ಮೇನ್ ಅಂತ ಫೇಸ್ ಒಂದೇ ಕಡೀತದ, ನ್ಯೂಟ್ರಲ್ ಹಂಗೇ ಜೋಡಿ ಇರ್ತದ, ಅವ್ರ ಕರೆಂಟ್ ನಿಮ್ಮ ನ್ಯೂಟ್ರಲ್ ದಾರಿ ಹಿಡಿದು ಹೋಗ್ಲಕತ್ತದ, ಮೀಟರ್ ಪ್ರಾಮಾಣಿಕವಾಗಿ ಎಣಿಸ್ಲಕತ್ತದ. ನಿಮ್ಮನಿಯವ್ರು ಮೀಟರ್ ಕೆಟ್ಟದ ಅಂದದ್ದು ತಪ್ಪಲ್ಲ, ಕಣ್ಣಿಗಿ ಹಂಗೇ ಕಾಣಸ್ತದ, ನಾನೂ ಕೆಲಸ ಕಲಿಯೋ ಕಾಲಕ್ಕ ಹಂಗೇ ಹೇಳೀನಿ. ಒಂದು ಮನ್ಯಾಗ ನಾನೇ ಮೀಟರ್ ಬದಲಿ ಮಾಡಿಸ್ರಿ ಅಂತ ಅರ್ಜಿ ಬರಿಸಿ, ಹೊಸ ಮೀಟರ್ ಕೂಡ್ಸಿದ ಮ್ಯಾಲೂ ಬಿಲ್ ಅಷ್ಟೇ ಬಂತು, ಆ ಮನಿ ಯಜಮಾನರು ನಿವೃತ್ತಿ ಆದ ಮಾಸ್ತರರು, ಒಂದು ಮಾತೂ ಬೈಲಿಲ್ಲ, ಚಹಾ ಕೊಟ್ಟು "ಇನ್ನೊಮ್ಮೆ ನೋಡಪಾ" ಅಂದ್ರು. ಇನ್ನೊಮ್ಮೆ ನೋಡ್ಕೋತ ಹೋದಾಗ ಮೆಟ್ಟಲ ಕೆಳಗಿನ ಬೋರ್ಡ್ ಬಿಚ್ಚಿದೆ, ಕರಿ ವೈರ್ ಎರಡು, ಒಂದು ದಪ್ಪ ಒಂದು ಸಣ್ಣ, ಟೇಪ್ ಸುಟ್ಟು ಅಂಟು ಅಂಟು ಆಗಿ ಒಂದಕ್ಕೊಂದು ಹತ್ಕೊಂಡು ಕೂತಿದ್ವು. ಆವತ್ತಿನಿಂದ ಎರಡು ಮೀಟರ್ ಇರೋ ಮನಿಗಿ ಹೋದ್ರ ನಾನು ಮೊದಲ ನೋಡೋದು ನ್ಯೂಟ್ರಲ್.

ಇದನ್ನ ನೀವು ಬಿಚ್ಚಲಿಕ್ಕ ಹೋಗಬ್ಯಾಡ್ರಿ, ನ್ಯೂಟ್ರಲ್ ಅಂದ್ರ ಶಾಕ್ ಹೊಡೆಯಲ್ಲ ಅಂತಾರ, ಹಿಂಗ ಕೂಡಿದ ನ್ಯೂಟ್ರಲ್ ಬಿಚ್ಚಿ ಕೈಯಾಗ ಹಿಡಿದ್ರ ಮ್ಯಾಲಿನ ಮನಿ ಕರೆಂಟ್ ಅದರಾಗ ಇರ್ತದ, ಹೊಡೀತದ. ಮೀಟರ್ ಸೀಲ್ ಮುಟ್ಟಲೇಬಾರದು, ಅದು ಅಪರಾಧ ಆಗ್ತದ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೀರಿ, ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಆಂಪ್ಸ್ ಅಳಿಯೋ ಯಂತ್ರ) ತರ್ಲಿಕ್ಕ ಹೇಳ್ರಿ. ಆ ಕ್ಲ್ಯಾಂಪ್‌ದ ಬಾಯಾಗ ನಿಮ್ಮ ಮೀಟರ್‌ನಿಂದ ಹೊರಟ ಫೇಸ್, ನ್ಯೂಟ್ರಲ್ ಎರಡೂ ಕೂಡಿಸಿ ಹಿಡಿದ್ರ ಸೊನ್ನಿ ತೋರಿಸಬೇಕು. ಸೊನ್ನಿ ಬಿಟ್ಟು ಬ್ಯಾರೆ ಏನೇ ತೋರಿಸಿದ್ರೂ ಕರೆಂಟ್ ಎಲ್ಲೋ ಬ್ಯಾರೆ ದಾರಿ ಹಿಡಿದದ ಅಂತ ತಿಳೀರಿ. ಆಮ್ಯಾಲ ಅವ ಎರಡೂ ಮೇನ್ ಬಂದ್ ಮಾಡಿ ಒಂದೊಂದೇ ಬೋರ್ಡ್ ನೋಡ್ಕೋತ ಹೋಗ್ತಾನ, ಮೆಟ್ಟಲ ಲೈಟ್, ಮ್ಯಾಲಿನ ನೀರಿನ ಟ್ಯಾಂಕ್ ಮೋಟ್ರ, ಗೇಟಿನ ಲೈಟ್, ಈ ಮೂರು ಕಡೆ ಮೊದಲ ನೋಡಲಿಕ್ಕ ಹೇಳ್ರಿ, ಎರಡೂ ಮನಿಗಿ ಕೂಡಿದ್ದು ಇವೇ ಇರ್ತಾವ. ಅರ್ಧ ದಿನದ ಕೆಲಸ. ಮೀಟರ್‌ನಿಂದ ಈಚಿನ ವೈರಿಂಗ್ ನಮ್ಮ ಜವಾಬ್ದಾರಿ ಅಂತ ನಿಯಮ ಅದ, ಅದಕ್ಕ ಇದರ ಸಲುವಾಗಿ ಕಟ್ಟಿದ ರೊಕ್ಕ ವಾಪಸ್ ಕೇಳೋದು ಕಷ್ಟ, ಇದನ್ನ ಮೊದಲೇ ಹೇಳಿ ಬಿಡ್ತೀನಿ, ಆಸೆ ಹಚ್ಚಂಗಿಲ್ಲ.

ಕೆಲಸ ಆದ ಮ್ಯಾಲ ಒಂದು ಕೆಲಸ ಕಡ್ಡಾಯ ಮಾಡಸ್ರಿ, ಎರಡೂ ಮನಿಗಿ 30 ಮಿಲಿ ಆಂಪ್ ಆರ್‌ಸಿಸಿಬಿ, ಅಂದ್ರ ಕರೆಂಟ್ ಸೋರಿದ್ರ ತಾನೇ ಲೈನ್ ಕಡಿಯೋ ಸ್ವಿಚ್ ಕೂಡಸ್ರಿ. ನ್ಯೂಟ್ರಲ್ ಕೂಡಿದ್ದ ಮನ್ಯಾಗ ಇದು ನಿಂದ್ರಂಗಿಲ್ಲ, ಹಾಕಿದ ಕೂಡ್ಲೆ ಟ್ರಿಪ್ ಆಗ್ತದ, ಆವಾಗ ಕೆಲವು ಮಂದಿ "ಈ ಸ್ವಿಚ್ಚೇ ಡಿಫೆಕ್ಟ್ ಅದರೀ" ಅಂತ ತಗದು ಒಗೆದು ಬರೇ ಲೋಡ್ ಹೆಚ್ಚಾದ್ರ ಬೀಳೋ ಸಾದಾ ಎಂಸಿಬಿ ಹಾಕಿ ಹೋಗ್ತಾರ. ಸ್ವಿಚ್ ಡಿಫೆಕ್ಟ್ ಇರಂಗಿಲ್ಲರೀ, ಅದು ತನ್ನ ಕೆಲಸ ಮಾಡಿರ್ತದ. ನಿಮ್ಮ ಮನ್ಯಾಗ ಯಾವಾಗರ ಹಿಂಗ ತಗದಾರೇನು ಅಂತ ನೆನಪ ಮಾಡ್ಕೊಳ್ರಿ. ನಾನು ಇದನ್ನ ಬಿಲ್ ಸಲುವಾಗಿ ಅಷ್ಟೇ ಹೇಳ್ತಿಲ್ಲ. ಲೋಹದ ಕೂಲರ್, ಕೆಳಗ ಹಸೀ ಶಹಾಬಾದ್ ಪರಸಿ, ಬರಿಗಾಲಾಗ ನೀರು ಹಾಕ್ಲಿಕ್ಕ ಹೋಗೋ ಹೆಣ್ಮಕ್ಕಳು, ಪ್ರತಿ ಬ್ಯಾಸಿಗಿಗಿ ಕೂಲರ್ ಹಿಡಿದು ಜೀವ ಹೋದ ಸುದ್ದಿ ಕೇಳ್ತೀವಿ. ಪಂಪಿನೊಳಗ ನೀರು ಹೊಕ್ಕಿರ್ತದ, ಅರ್ಥಿಂಗ್ ಇರಂಗಿಲ್ಲ, ಎರಡು ಪಿನ್ನಿನ ಪ್ಲಗ್ ಹಾಕಿರ್ತಾರ. ನಿಮ್ಮ ಕೂಲರ್ ಮೈ ಮುಟ್ಟಿದಾಗ ಜುಂ ಅಂತದೇನು? ಬಾತ್‌ರೂಮ್ ನಳ ಮುಟ್ಟಿದಾಗ ಚುಕ್ ಅಂತದೇನು? ಅಂದ್ರ ಅದು ಇವತ್ತೇ ಬಂದ್ ಆಗಬೇಕು, ಬಿಲ್ ವಿಚಾರ ಆಮ್ಯಾಲ. ನೀರು ಹಾಕೋ ಮುಂದ ಪ್ಲಗ್ ತಗದೇ ಹಾಕ್ರಿ, ಸ್ವಿಚ್ ಬಂದ್ ಮಾಡಿದ್ರ ಸಾಲಂಗಿಲ್ಲ.

ಒಂದು ವೇಳೆ ಮ್ಯಾಲಿನ ಪರೀಕ್ಷಾದಾಗ ಏಸಿ ಬಂದ್ ಮಾಡಿದ್ರೂ ಮಿಣುಕೋದು ಕಡಿಮಿ ಆಗಲಿಲ್ಲ ಅಂದ್ರ ಲೀಕೇಜ್ ನಿಮ್ಮ ಮನ್ಯಾಗೇ ಇರಬಹುದು. ಒಂದೊಂದೇ ಎಂಸಿಬಿ ಕೆಳಗ ಮಾಡ್ಕೋತ ಹೋಗ್ರಿ, ಯಾವುದು ಬಂದ್ ಮಾಡಿದಾಗ ಲೈಟ್ ನಿಂತದೋ ಆ ಸಾಲಿನ್ಯಾಗ ಹುಡುಕಬೇಕು. ನಮ್ಮ ಕಡೆ ಹೆಚ್ಚು ಸಿಗೋದು ಬೋರಿನ ಕೇಬಲ್. ನೀರೊಳಗ ಜೋಡಿಸಿದ ಜಾಗದಾಗ ರಬ್ಬರ್ ಬಿಟ್ಟಿರ್ತದ. ಮೋಟ್ರ ಬಗ್ಗೆ ಇನ್ನೊಂದು, 1 ಎಚ್‌ಪಿ ಮೋಟ್ರ ತಾಸಿಗಿ ಒಂದು ಯೂನಿಟ್ ಹಿಡೀರಿ, ಮೊದಲ ಟ್ಯಾಂಕ್ ಇಪ್ಪತ್ತೈದು ನಿಮಿಷದಾಗ ತುಂಬ್ತಿತ್ತು ಈಗ ಐವತ್ತು ನಿಮಿಷ ಹಿಡೀತದ ಅಂದ್ರ ನೀರಿನ ಮಟ್ಟ ಕೆಳಗ ಹೋಗಿರಬೇಕು, ಇಲ್ಲಾ ಪೈಪಿನ ತಳದಾಗ ನೀರು ತಡಿಯೋ ಫುಟ್‌ವಾಲ್ ಸೋರಿ ಏರಿದ ನೀರು ವಾಪಸ್ ಇಳೀಲಕತ್ತಿರಬೇಕು. ನಮ್ಮ ಮನ್ಯಾಗೇ ಇದು ಆಗಿತ್ತು, ಎರಡು ತಿಂಗಳು ಗೊತ್ತಾಗ್ಲಿಲ್ಲ, ನಳ ಬಂದ ದಿನ ಸಂಪಿನ ಹತ್ತಿರ ನಿಂತು ಕಿವಿ ಕೊಟ್ಟಾಗ ಮೋಟ್ರ ಬಂದ್ ಆದ ಮ್ಯಾಲೂ ಪೈಪಿನೊಳಗ ನೀರು ಇಳಿಯೋ ಸಪ್ಪಳ ಕೇಳಿತು.

ಫ್ರಿಜ್‌ಗೆ ಬಾಗಿಲ ಸಂದಿನ್ಯಾಗ ಒಂದು ಹತ್ತು ರೂಪಾಯಿ ನೋಟ್ ಇಟ್ಟು ಹಾಕಿ ಎಳೀರಿ, ಸಲೀಸ ಬಂದ್ರ ರಬ್ಬರ್ ಹೋಗ್ಯದ. ಗ್ವಾಡಿಗಿ ಹತ್ತಿಸಿ ಇಡಬ್ಯಾಡ್ರಿ. ಇನ್ವರ್ಟರ್ ಬ್ಯಾಟರಿ ಹಳೇದಾದ್ರ ಎಷ್ಟು ಚಾರ್ಜ್ ಆದ್ರೂ ತುಂಬಂಗಿಲ್ಲ, ಹಗಲು ರಾತ್ರಿ ಎಳೀತಾನೇ ಇರ್ತದ, 100 ವ್ಯಾಟ್ ಎಳದ್ರ ದಿನಕ್ಕ 2.4 ಯೂನಿಟ್. ಬೀದರ್ ಕಡೆ ಮಂದಿ ಡಿಸೆಂಬರ್ ಜನವರಿಯಾಗ ಇದೇ ಪ್ರಶ್ನೆ ಕೇಳ್ತಾರ, ಅಲ್ಲಿ ಬಹಳ ಸಲ ಗೀಸರ್ ಚಾಲೂ ಮಾಡಿ ಮರೆತದ್ದು ಇರ್ತದ, ಮತ್ತ ನಮ್ಮ ಗಡಸು ನೀರಿಗಿ ಕಾಯಿಲ್ ಮ್ಯಾಲ ಬಿಳೀ ಪದರ ಕೂತು ನೀರು ಕಾಯೋದು ತಡ ಆಗ್ತದ.

ಇನ್ನ ಬಿಲ್ ಕಟ್ಟೋ ವಿಚಾರ. ಕಟ್ಟಂಗಿಲ್ಲ ಅಂತ ಹಟ ಹಿಡೀಬ್ಯಾಡ್ರಿ, ಬಾಕಿ ಉಳಿದ್ರ ಮುಂದ ಗೃಹಜ್ಯೋತಿಗೂ ತೊಂದ್ರಿ. ಇಸ್ತ್ರಿ ಪರೀಕ್ಷಾದಾಗ ಮೀಟರ್ ಖರೇನೇ ಜೋರು ಓಡ್ಯದ ಅಂದ್ರ ಬಿಲ್ ಮ್ಯಾಲಿನ ಆರ್‌ಆರ್ ನಂಬರ್ (ನಿಮ್ಮ ಕನೆಕ್ಷನ್ ನಂಬರ್) ಬರೆದು ನಮ್ಮ ಕಡಿ ಕರೆಂಟ್ ಕಂಪನಿ ಜೆಸ್ಕಾಂದ ಉಪವಿಭಾಗದ ಆಫೀಸಿಗಿ ಮೀಟರ್ ಟೆಸ್ಟಿಂಗ್ ಮಾಡಸ್ರಿ ಅಂತ ಅರ್ಜಿ ಕೊಡ್ರಿ, ಶುಲ್ಕ ಕಟ್ಟಬೇಕಾಗ್ತದ, ಅರ್ಜಿದ ಒಂದು ಪ್ರತಿ ಮ್ಯಾಲ ಸಹಿ ಶಿಕ್ಕಾ ಹಾಕಿಸ್ಕೊಂಡೇ ಬರ್ರಿ. ಬಾಯಿಮಾತಿನ ದೂರಿಗಿ 1912 ಅದ. ಕೇಳಲಿಲ್ಲ ಅಂದ್ರ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಅದ, ಅದರ ಮ್ಯಾಲ ವಿದ್ಯುತ್ ಓಂಬುಡ್ಸ್‌ಮನ್. 2003ರ ವಿದ್ಯುತ್ ಕಾಯ್ದೆ 56ನೇ ಕಲಂ ಪ್ರಕಾರ ಬಾಕಿಗಿ ಲೈನ್ ಕಡೀಬೇಕಂದ್ರ 15 ದಿನ ಮೊದಲ ಬರವಣಿಗೆ ನೋಟಿಸ್ ಕೊಡಬೇಕು, ಮತ್ತ ಬಿಲ್ ಬಗ್ಗೆ ತಕರಾರು ಇದ್ರ ತಕರಾರು ಇಟ್ಕೊಂಡೇ ಅಂತ ಬರೆದು ಕೇಳಿದ ರೊಕ್ಕ ಇಲ್ಲಾ ಹಿಂದಿನ ಆರು ತಿಂಗಳ ಸರಾಸರಿ, ಯಾವುದು ಕಡಿಮಿನೋ ಅದನ್ನ ಕಟ್ಟಿದ್ರ ತೀರ್ಮಾನ ಆಗೋ ತನಕ ಲೈನ್ ಕಡೀಲಿಕ್ಕ ಬರಂಗಿಲ್ಲ. ಇದು ಭಾಳ ಮಂದಿಗಿ ಗೊತ್ತಿಲ್ಲ, ಹೆದರಿ ಸಾಲ ಮಾಡಿ ಕಟ್ತಾರ. ಇನ್ನ ಹೆಚ್ಚುವರಿ ಭದ್ರತಾ ಠೇವಣಿ ಅಂತ ಇದೇ ಸೀಸನ್‌ದಾಗ ಒಂದು ನೋಟಿಸ್ ಬರಬಹುದು, ಎರಡು ತಿಂಗಳ ಬಿಲ್ಲಿನಷ್ಟು ಠೇವಣಿ ಇರಬೇಕು ಅಂತ ಕೇಳ್ತಾರ, ಅದು ಕರೆಂಟ್ ಸುಟ್ಟ ರೊಕ್ಕ ಅಲ್ಲ, ಬಡ್ಡಿ ಬರೋ ಠೇವಣಿ, ಅದನ್ನ ಇದರಾಗ ಕಲಸ್ಕೋಬ್ಯಾಡ್ರಿ.

ನೀವು ಇವತ್ತು ರಾತ್ರಿನೇ ಆ ಏಸಿ ಪರೀಕ್ಷಾ ಮಾಡ್ರಿ, ಅತ್ತಿಯವ್ರನ್ನೂ ಮೀಟರ್ ಹತ್ತಿರ ಕರ್ಕೊಂಡು ಬರ್ರಿ, ಅವ್ರೂ ಕಣ್ಣಿಂದ ನೋಡ್ಲಿ. ಇಎಲ್ ದೀಪ ಹತ್ತಿತ್ತೇನು, ನಿಮಿಷಕ್ಕ ಎಷ್ಟು ಸಲ ಮಿಣುಕ್ತು, ಏಸಿ ಬಂದ್ ಮಾಡಿದ ಮ್ಯಾಲ ಎಷ್ಟು, ಈ ಮೂರು ಬರೆದು ಕಳಸ್ರಿ. ಮತ್ತ ಅದಕ್ಕೂ ಮೊದಲ, ಈ ಉತ್ತರ ಓದಿ ಮುಗಿಸಿದ ಕೂಡ್ಲೆ, ಕೂಲರ್ ಪ್ಲಗ್‌ಗೆ ಮೂರು ಪಿನ್ ಅವ ಏನು ಅಂತ ನೋಡಿ ಬರ್ರಿ.